ದೂಳು, ದೇಹ, ಕುಲ: ಗಣಿಗಾರರ ಶ್ವಾಸಕೋಶ ರೋಗದಲ್ಲಿ ವಂಶವಾಹಿಯ ಪಾಲು

ಗಣಿಗಾರರ ದೂಳುರೋಗಕ್ಕೆ ಕಾರಣ ದೂಳು. ಇದರಲ್ಲಿ ವಿವಾದವಿಲ್ಲ. ವಿವಾದವಿರುವುದು ಅದರ ಮುಂದಿನ ಪ್ರಶ್ನೆಯಲ್ಲಿ. ಒಂದೇ ಸುರಂಗದಲ್ಲಿ, ಒಂದೇ ಪಾಳಿಯಲ್ಲಿ, ಅಷ್ಟೇ ವರ್ಷ ದುಡಿದ ಇಬ್ಬರಲ್ಲಿ ಒಬ್ಬನ ಎದೆ ಕಲ್ಲಾಗಿ ಇನ್ನೊಬ್ಬ ಪಾರಾಗುವುದೇಕೆ? ಇದಕ್ಕೆ ವಂಶವಾಹಿಗಳಲ್ಲಿ ಉತ್ತರ ಹುಡುಕುವ ಕೆಲಸ ಯುರೋಪ್ ಮತ್ತು ಅಮೆರಿಕದ ಕಲ್ಲಿದ್ದಲು ಗಣಿಗಳಲ್ಲಿ ಸುಮಾರು ಮೂವತ್ತು ವರ್ಷಗಳಿಂದ ನಡೆದಿದೆ. ಆ ಸಾಕ್ಷ್ಯ ಎಷ್ಟು ಗಟ್ಟಿ, ಅದನ್ನು ನಮ್ಮ ಕಡೆಯ ಪ್ರಕರಣಕ್ಕೆ ಹಚ್ಚಿ ನೋಡಬಹುದೇ ಎಂಬುದು ಈ ಟಿಪ್ಪಣಿಯ ವಿಚಾರ. ಕರ್ನಾಟಕದಲ್ಲಿ ಕಲ್ಲಿದ್ದಲಿಲ್ಲ. ನಮಗಿರುವ ದೊಡ್ಡ ಪ್ರಕರಣ ಕೋಲಾರದ ಚಿನ್ನದ ಗಣಿ, ರೋಗ ಸಿಲಿಕೋಸಿಸ್. ಎರಡೂ ಒಂದೇ ಕುಟುಂಬದ ರೋಗಗಳು. ಆದರೆ ಬೆಣಚುಕಲ್ಲಿನ ದೂಳು ಕಲ್ಲಿದ್ದಲ ದೂಳಿಗಿಂತ ಬಹಳ ಕ್ರೂರ.

ಇದನ್ನು ಬರೆಯುತ್ತಿರುವುದು ಪುಣೆಯ ಖಡಕಿಯಲ್ಲಿ. ಇಲ್ಲಿ ಗಣಿಯಿಲ್ಲ, 1869ರ ಮದ್ದುಗುಂಡಿನ ಕಾರ್ಖಾನೆ ಇದೆ, ಅದರ ನೆರೆಯಲ್ಲಿ ಸ್ಫೋಟಕಗಳ ಕಾರ್ಖಾನೆಯೂ ಇದೆ. ಇಂಥ ಊರಿನಲ್ಲಿರುವವನಿಗೆ ವೃತ್ತಿರೋಗ ಮತ್ತು ವಂಶವಾಹಿಯ ನಂಟಿನ ಮಾತು ಬಂದಾಗ ಮೊದಲು ನೆನಪಾಗುವುದು ಗಣಿಯಲ್ಲ, ಟಿಎನ್‌ಟಿ ಎಂಬ ಸ್ಫೋಟಕ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದ ಬರುವಂಥದ್ದು, ಹೆಚ್ಚಾಗಿ ಗಂಡಸರಲ್ಲಿ ಕಾಣುವಂಥದ್ದು. ಆ ಕೊರತೆ ಇರುವವರು ಟಿಎನ್‌ಟಿಯ ದೂಳಿಗೆ, ಆವಿಗೆ ಮೈಯೊಡ್ಡಿದರೆ ಕೆಂಪು ರಕ್ತಕಣಗಳು ಒಡೆದು ತೀವ್ರ ರಕ್ತಹೀನತೆ ಬರಬಹುದೆಂದು ವೈದ್ಯಕೀಯ ಪತ್ರಿಕೆಗಳು 1970ರ ದಶಕದಲ್ಲೇ ವರದಿ ಮಾಡಿದ್ದವು. ಒಂದು ವಂಶವಾಹಿ, ಒಂದು ಕಿಣ್ವ, ಒಂದು ರಾಸಾಯನಿಕ: ಕೊಂಡಿ ನೇರ, ಕೆಡುಕು ಕಾಣುವುದು ದಿನಗಳಲ್ಲಿ. ಗಣಿಗಾರನ ಶ್ವಾಸಕೋಶದ ಕತೆಯೂ ಹೀಗೇ ಇದ್ದೀತು ಎಂಬ ನಿರೀಕ್ಷೆಯಿಂದ ಸಂಶೋಧನೆ ಹೊರಟಿತು. ಅದು ಹೀಗಿಲ್ಲ.

ವಂಶವಾಹಿಗೆ ಹೋಗುವ ಮುನ್ನ ಕಲ್ಲಿನ ಲೆಕ್ಕ ಒಂದಿದೆ. ಖಡಕಿಯ ಅಡಿಯಲ್ಲಿರುವುದು ದಖ್ಖನ್ ಪ್ರಸ್ಥಭೂಮಿಯ ಕರಿಕಲ್ಲು, ಬಸಾಲ್ಟ್. ಅದರಲ್ಲಿ ಬಿಡಿ ಸ್ಫಟಿಕ ಸಿಲಿಕಾ ಕಡಿಮೆ. ಕೋಲಾರದ ಚಿನ್ನ ಕೂತಿರುವುದೇ ಬೆಣಚುಕಲ್ಲಿನ ಪದರಗಳಲ್ಲಿ, ಅಂದರೆ ಬಹುಪಾಲು ಸಿಲಿಕಾದಲ್ಲೇ. ಪುಣೆಯ ಸುತ್ತಲಿನ ಕ್ವಾರಿಗಳಲ್ಲಿ ದುಡಿಯುವವರಲ್ಲಿ ಕರ್ನಾಟಕದಿಂದ ಬಂದ ಕಲ್ಲುಕುಟಿಗ ಕುಟುಂಬಗಳೂ ಇವೆ. ಅಲ್ಲಿ ಹತ್ತು ವರ್ಷ ಜಲ್ಲಿ ಒಡೆದವನನ್ನೂ ಕೋಲಾರದ ಚಾಂಪಿಯನ್ ರೀಫ್‌ನಲ್ಲಿ ಹತ್ತು ವರ್ಷ ಕೊರೆದವನನ್ನೂ ಅಕ್ಕಪಕ್ಕ ಇಟ್ಟು ‘ಸಮಾನ ಅನುಭವ’ ಎಂದರೆ ಅಲ್ಲಿಗೆ ಅಧ್ಯಯನ ಕೆಟ್ಟಂತೆ. ಒಬ್ಬ ಪಾರಾದದ್ದು ಅವನ ರಕ್ತದ ಗುಣದಿಂದಲ್ಲ, ಕಲ್ಲಿನ ಗುಣದಿಂದ.

ಈ ವಿಚಾರದ ಚರಿತ್ರೆಯಲ್ಲಿ ಒಬ್ಬ ತಂದೆ, ಒಬ್ಬ ಮಗ ಬರುತ್ತಾರೆ. ತಂದೆ ಜಾನ್ ಸ್ಕಾಟ್ ಹಾಲ್ಡೇನ್, ಬ್ರಿಟನ್ನಿನ ಶರೀರಕ್ರಿಯಾ ವಿಜ್ಞಾನಿ. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತ್ಯದ ತವರದ ಗಣಿಗಾರರು ನಡುವಯಸ್ಸಿಗೇ ಸಾಯುವುದೇಕೆಂದು ಸರಕಾರ ಕೇಳಿದಾಗ, 1904ರಲ್ಲಿ ಅವರೂ ಅವರ ಜೊತೆಯವರೂ ಕೊಟ್ಟ ವರದಿ ಬೆರಳು ತೋರಿಸಿದ್ದು ಕೊರೆಯುವ ಯಂತ್ರ ಎಬ್ಬಿಸುವ ಕಲ್ಲಿನ ದೂಳಿನ ಕಡೆಗೆ. ಯಂತ್ರ ಹಿಡಿದವರ ಸಾವು ಉಳಿದ ಗಣಿಗಾರರ ಸಾವಿಗಿಂತ ಬಹಳ ಮುಂಚೆ ಬರುತ್ತಿತ್ತು. ಕಲ್ಲಿದ್ದಲ ದೂಳು ನಿರಪಾಯಕಾರಿ ಎಂದು ನಂಬಿದ್ದವರೂ ಇದೇ ಹಾಲ್ಡೇನ್. ಆ ನಂಬಿಕೆ ನಿಲ್ಲಲಿಲ್ಲ, ಅದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಅದೇ ಕಾರ್ನ್‌ವಾಲಿನ ಗಣಿಗಾರರನ್ನೇ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರ ದಶಕದಿಂದ ಕೋಲಾರಕ್ಕೆ ಕರೆತಂದಿತ್ತು. ಅವರ ಕೆಲಸದ ವಿಧಾನ ಇಲ್ಲಿಗೆ ಬಂದಂತೆ ಅವರ ರೋಗವೂ ಬಂತು.

ಮಗ ಜೆ.ಬಿ.ಎಸ್. ಹಾಲ್ಡೇನ್, ಸಂಖ್ಯಾ ತಳಿವಿಜ್ಞಾನದ ಮೂಲಪುರುಷರಲ್ಲಿ ಒಬ್ಬರು. 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. 1938ರ ‘ಹೆರಿಡಿಟಿ ಅಂಡ್ ಪಾಲಿಟಿಕ್ಸ್’ ಪುಸ್ತಕದಲ್ಲಿ ಅವರು ಕುಂಬಾರಿಕೆ ಉದ್ಯಮದ ಎದೆರೋಗದ ಉದಾಹರಣೆ ಎತ್ತಿಕೊಂಡು ಒಂದು ಊಹೆ ಮುಂದಿಟ್ಟರು. ಎಲ್ಲ ಕುಂಬಾರರೂ ಆ ರೋಗದಿಂದ ಸಾಯುವುದಿಲ್ಲ. ಹುಟ್ಟಿನಿಂದಲೇ ಅದಕ್ಕೆ ಒಲಿಯುವ ಮೈಕಟ್ಟು ಕೆಲವರಿಗೆ ಮಾತ್ರ ಇರಬಹುದು. ಅಂಥವರನ್ನು ಗುರುತಿಸಿ ಕೆಲಸಕ್ಕೆ ಸೇರಿಸಿಕೊಳ್ಳದೆ ಹೋದರೆ ರೋಗವೇ ಅಳಿಯಬಹುದು. ಎಡಪಂಥದವರಾಗಿದ್ದ ಹಾಲ್ಡೇನ್ ಇದನ್ನು ಮಾಲೀಕರ ಅನುಕೂಲಕ್ಕೆ ಬರೆದರೆಂದು ಯಾರೂ ಹೇಳಲಾರರು. ಆದರೂ ತಂದೆಯ ವರದಿಯ ದಾರಿಗೂ ಮಗನ ಊಹೆಯ ದಾರಿಗೂ ಇರುವ ದೂರ ಗಮನಿಸಬೇಕಾದದ್ದು. ಒಂದು ದೂಳನ್ನು ಹೊರಗೆ ಹಾಕುತ್ತದೆ, ಇನ್ನೊಂದು ಮನುಷ್ಯನನ್ನು. ಆಮೇಲೆ ಬಂದ ತಳಿವಿಜ್ಞಾನದ ಅಧ್ಯಯನಗಳೆಲ್ಲ ಗೊತ್ತಿದ್ದೋ ಗೊತ್ತಿಲ್ಲದೆಯೋ ಈ ಊಹೆಯ ಪರೀಕ್ಷೆಗಳೇ.

ಮೈಯ ಗುಣಕ್ಕೂ ಪಾಲಿದೆ ಎಂಬುದಕ್ಕೆ ಮೊದಲ ಗಟ್ಟಿ ಸುಳಿವು ಸಿಕ್ಕಿದ್ದು ಪ್ರಯೋಗಾಲಯದಲ್ಲಲ್ಲ, ಎಕ್ಸ್‌ರೇ ಫಲಕದ ಮೇಲೆ. ವೇಲ್ಸ್‌ನ ಕಾರ್ಡಿಫ್‌ನಲ್ಲಿ ಕಲ್ಲಿದ್ದಲು ಗಣಿಗಾರರನ್ನು ಪರೀಕ್ಷಿಸುತ್ತಿದ್ದ ವೈದ್ಯ ಆಂಥನಿ ಕ್ಯಾಪ್ಲನ್ 1953ರಲ್ಲಿ ಒಂದು ವಿಶೇಷ ವರದಿ ಮಾಡಿದರು. ಕೀಲುಗಳ ಸಂಧಿವಾತ (ರುಮಟಾಯ್ಡ್) ಇರುವ ಗಣಿಗಾರರ ಶ್ವಾಸಕೋಶದಲ್ಲಿ ದುಂಡಗಿನ, ದೊಡ್ಡ ಗಂಟುಗಳು ಬೇರೆಯದೇ ರೀತಿಯಲ್ಲಿ ಕಾಣಿಸುತ್ತಿದ್ದವು. ಉಸಿರಿಗೆ ಹೋದ ದೂಳು ಎಲ್ಲರದೂ ಒಂದೇ, ಅದಕ್ಕೆ ಮೈ ಕೊಟ್ಟ ಉತ್ತರ ಬೇರೆ. ಆ ಸಂಧಿವಾತಕ್ಕೆ ಪ್ರತಿರಕ್ಷಣೆಯ ಎಚ್‌ಎಲ್‌ಎ ವಂಶವಾಹಿಗಳ ನಂಟಿದೆ ಎಂದು ತಿಳಿದದ್ದು ದಶಕಗಳ ನಂತರ.

ದೂಳು ಒಳಗೆ ಹೋದ ಮೇಲೆ ಆಗುವುದು ಸ್ಥೂಲವಾಗಿ ಹೀಗೆ. ಶ್ವಾಸಕೋಶದ ಗಾಳಿಗೂಡುಗಳಲ್ಲಿರುವ ಮ್ಯಾಕ್ರೊಫೇಜ್ ಎಂಬ ಜೀವಕೋಶಗಳು ಹೊರಗಿನ ಕಣಗಳನ್ನು ನುಂಗಿ ಅರಗಿಸುತ್ತವೆ. ಸಿಲಿಕಾ ಹರಳು ಅರಗುವುದಿಲ್ಲ. ನುಂಗಿದ ಕೋಶವನ್ನೇ ಒಳಗಿನಿಂದ ಹರಿದು, ಎನ್‌ಎಲ್‌ಆರ್‌ಪಿ3 ಎಂಬ ಎಚ್ಚರಿಕೆಯ ಪ್ರೋಟೀನ್ ಜೋಡಣೆಯನ್ನು ಬಡಿದೆಬ್ಬಿಸುತ್ತದೆ (ಇದು ಸ್ಪಷ್ಟವಾದದ್ದು 2008ರ ಸುಮಾರಿಗೆ). ಇಂಟರ್‌ಲ್ಯೂಕಿನ್-1, ಟಿಎನ್‌ಎಫ್-ಆಲ್ಫಾ ಎಂಬ ಉರಿಯೂತದ ಸಂದೇಶಗಳು ಹೊರಡುತ್ತವೆ. ಸತ್ತ ಕೋಶದಿಂದ ಬಿದ್ದ ಹರಳನ್ನು ಇನ್ನೊಂದು ಕೋಶ ನುಂಗುತ್ತದೆ. ಉರಿಯೂತ ಆರದೆ ಗಾಯದ ನಾರು ಬೆಳೆಯುತ್ತ ಹೋಗುತ್ತದೆ. ಕೆಲಸ ಬಿಟ್ಟು ವರ್ಷಗಳಾದ ಮೇಲೂ ಸಿಲಿಕೋಸಿಸ್ ಬಲಿಯಲು ಇದೇ ಕಾರಣ, ಹರಳು ಹೊರಗೆ ಹೋಗುವುದಿಲ್ಲ. ಕ್ಷಯದ ಸೂಕ್ಷ್ಮಾಣುವನ್ನು ಎದುರಿಸಬೇಕಾದವೂ ಇದೇ ಮ್ಯಾಕ್ರೊಫೇಜ್‌ಗಳು. ಗಣಿಯೂರುಗಳಲ್ಲಿ ಸಿಲಿಕೋಸಿಸ್ ಮತ್ತು ಟಿ.ಬಿ. ಜೋಡಿಯಾಗಿ ಬರುವುದು, ಒಂದನ್ನು ಇನ್ನೊಂದೆಂದು ಬರೆದುಕೊಳ್ಳುವುದು ಅದಕ್ಕೇ.

ಹಾಗಾದರೆ ಟಿಎನ್‌ಎಫ್ ಹೆಚ್ಚು ಸುರಿಸುವ ಮೈಗೆ ಅಪಾಯ ಹೆಚ್ಚಿರಬೇಕು. ನೆದರ್‌ಲೆಂಡ್ಸ್‌ನ ಪಾಲ್ ಬೋರ್ಮ್ ಮತ್ತು ಸಂಗಡಿಗರು 1980ರ ದಶಕದ ಕೊನೆಯಿಂದ ಇದನ್ನೇ ಹಿಡಿದು ಹೊರಟರು. ಗಣಿಗಾರರ ರಕ್ತದ ಕೋಶಗಳಿಗೆ ದೂಳು ತೋರಿಸಿದಾಗ ಅವು ಬಿಡುವ ಟಿಎನ್‌ಎಫ್ ಅಳೆದರು, ಐದು ವರ್ಷ ಬಿಟ್ಟು ಅದೇ ಜನರನ್ನು ಮತ್ತೆ ನೋಡಿದರು. ಹೆಚ್ಚು ಬಿಡುವವರಲ್ಲಿ ರೋಗ ಬಲಿಯುವ ಸಂಭವ ಹೆಚ್ಚು ಕಂಡಿತು. ಮುಂದಿನ ಹೆಜ್ಜೆ ವಂಶವಾಹಿಯದೇ. ಹಳೆಯ ಕಾವ್ಯವೊಂದರ ಪ್ರತಿಗಳಲ್ಲಿ ಪಾಠಭೇದಗಳಿರುವಂತೆ ಒಂದೇ ವಂಶವಾಹಿಯ ಬರಹದಲ್ಲಿ ಮನುಷ್ಯರಿಂದ ಮನುಷ್ಯರಿಗೆ ಒಂದೆರಡು ಅಕ್ಷರದ ಭೇದವಿರುತ್ತದೆ. ಟಿಎನ್‌ಎಫ್ ವಂಶವಾಹಿಯ ಮುಂಭಾಗದಲ್ಲಿ, ಎಷ್ಟು ಉತ್ಪಾದಿಸಬೇಕೆಂದು ತೀರ್ಮಾನವಾಗುವ ಜಾಗದಲ್ಲಿ, −308 ಎಂಬ ಸ್ಥಾನದ ಭೇದ ಅಂಥದ್ದೊಂದು. ಬೆಲ್ಜಿಯಂನ ಕಲ್ಲಿದ್ದಲು ಗಣಿಗಾರರ ಮೇಲೆ 1998ರಲ್ಲಿ ಬಂದ ಅಧ್ಯಯನದಲ್ಲಿ ರೋಗವಿದ್ದವರ ಪೈಕಿ ಅರ್ಧದಷ್ಟು ಮಂದಿಯಲ್ಲೂ ರೋಗವಿಲ್ಲದ ಗಣಿಗಾರರ ಪೈಕಿ ಕಾಲುಭಾಗದಲ್ಲೂ ಈ ಭೇದ ಸಿಕ್ಕಿತು.

ಅಲ್ಲಿಂದಾಚೆಗೆ ಚಿತ್ರ ಕಲಸುತ್ತ ಹೋಯಿತು. ಅಮೆರಿಕದ ವೃತ್ತಿ ಆರೋಗ್ಯ ಸಂಸ್ಥೆ ನಿಯೋಶ್‌ನ ಬೆರ್ರಾನ್ ಯುಜೆಸೊಯ್ ಮತ್ತಿತರರು 2001ರಲ್ಲಿ ಸಿಲಿಕೋಸಿಸ್ ಇದ್ದ ಮಾಜಿ ಗಣಿಗಾರರಲ್ಲಿ ಟಿಎನ್‌ಎಫ್‌ನ ಎರಡು ಭೇದಗಳಿಗೂ ಇಂಟರ್‌ಲ್ಯೂಕಿನ್-1ನ್ನು ತಡೆಯುವ ಪ್ರೋಟೀನಿನ ಒಂದು ಭೇದಕ್ಕೂ ನಂಟು ಕಂಡರು. ಇವುಗಳಲ್ಲಿ ಒಂದು ರೋಗದ ತೀವ್ರ ಹಂತಕ್ಕೆ, ಇನ್ನೊಂದು ಮಧ್ಯಮ ಹಂತಕ್ಕೆ ತಳುಕು. ಅದೇ ತಂಡ 2008ರಲ್ಲಿ ಇನ್ನೂ ದೊಡ್ಡ ಸಾಮಗ್ರಿ ಹಿಡಿಯಿತು. ಅಮೆರಿಕದಲ್ಲಿ 1969ರ ಕಲ್ಲಿದ್ದಲು ಗಣಿ ಆರೋಗ್ಯ ಮತ್ತು ಸುರಕ್ಷತಾ ಕಾಯ್ದೆಯ ಅಡಿಯಲ್ಲಿ ತೀರಿಕೊಂಡ ಗಣಿಗಾರರ ಶವಪರೀಕ್ಷೆ ಮಾಡಿ ಶ್ವಾಸಕೋಶದ ಮಾದರಿ ಕಾಪಿಡುವ ಏರ್ಪಾಡಿದೆ. ಅಲ್ಲಿನ 648 ಗಣಿಗಾರರಲ್ಲಿ 304 ಮಂದಿಗೆ ರೋಗದ ಘೋರ ಹಂತವಾದ ವ್ಯಾಪಕ ನಾರುಗಟ್ಟುವಿಕೆ ಇತ್ತು. ಒಂಟಿಯಾಗಿ ಯಾವ ಭೇದವೂ ರೋಗಿಯನ್ನು ನಿರೋಗಿಯಿಂದ ಬೇರ್ಪಡಿಸಲಿಲ್ಲ. ಮೂರು ವಂಶವಾಹಿಗಳ ಭೇದಗಳು ಒಂದು ಕೂಟವಾಗಿ ಬಂದಾಗ ಮಾತ್ರ ಅಪಾಯ ಹೆಚ್ಚಿತು. ಫ್ರಾನ್ಸಿನ ಗಣಿಗಾರರ ಮೇಲೆ ರಾಶೆಲ್ ನದೀಫ್ ಮತ್ತಿತರರು ಮಾಡಿದ ಕೆಲಸ ನನಗೆ ಹೆಚ್ಚು ಪ್ರಾಮಾಣಿಕವೆನಿಸುತ್ತದೆ. ಅವರು ವಂಶವಾಹಿಯನ್ನೂ ದೂಳಿನ ಪ್ರಮಾಣವನ್ನೂ ಬೇರೆ ಬೇರೆಯಾಗಿ ನೋಡದೆ ಒಂದರ ಪರಿಣಾಮ ಇನ್ನೊಂದನ್ನು ಎಷ್ಟರ ಮಟ್ಟಿಗೆ ಅವಲಂಬಿಸಿದೆ ಎಂದು ಕೇಳಿದರು. ದೂಳನ್ನು ಅಳೆಯದ ವಂಶವಾಹಿ ಅಧ್ಯಯನಕ್ಕೆ ಅರ್ಥವಿಲ್ಲ ಎಂದು ಆ ಬಗೆಯ ಕೆಲಸ ಓದಿದವನಿಗೆ ತಾನಾಗಿ ತಿಳಿಯುತ್ತದೆ.

ಬೆಲ್ಜಿಯಂನ ಅಂಕಿಯನ್ನೇ ಅತ್ಯಂತ ಉದಾರವಾಗಿ ಒಪ್ಪಿಕೊಂಡು ಹಾಲ್ಡೇನರ ಊಹೆಗೆ ಕಟ್ಟಿ ನೋಡೋಣ. ಸಾವಿರ ಕಾರ್ಮಿಕರಲ್ಲಿ ನೂರು ಮಂದಿಗೆ ರೋಗ ಬರುತ್ತದೆ ಎಂದಿಟ್ಟುಕೊಳ್ಳಿ. ಇದು ಲೆಕ್ಕಕ್ಕಾಗಿ ಹಿಡಿದ ಸಂಖ್ಯೆ ಮಾತ್ರ. ರೋಗ ಬರಲಿರುವ ನೂರರಲ್ಲಿ 50 ಮಂದಿಗೆ ಆ ಭೇದವಿದೆ, ಬಾರದ ಒಂಬೈನೂರರಲ್ಲಿ 225 ಮಂದಿಗೆ ಇದೆ. ಭೇದವಿದ್ದವರನ್ನೆಲ್ಲ ಬಾಗಿಲಲ್ಲೇ ತಡೆದರೆ 275 ಮಂದಿಯ ಕೂಲಿ ಹೋಗುತ್ತದೆ. ಅವರಲ್ಲಿ 225 ಮಂದಿಗೆ ರೋಗ ಬರುವುದೇ ಇರಲಿಲ್ಲ. ಒಳಗೆ ಬಿಟ್ಟವರಲ್ಲಿ ಇನ್ನೂ 50 ಮಂದಿ ರೋಗಿಗಳಾಗುತ್ತಾರೆ, ಅದೂ ‘ಪರೀಕ್ಷೆಯಲ್ಲಿ ಪಾಸಾದವರು’ ಎಂಬ ಹಣೆಪಟ್ಟಿಯೊಂದಿಗೆ. ಇಷ್ಟಾದರೂ ಗಣಿಯ ಗಾಳಿ ಒಂದು ಕಣದಷ್ಟೂ ಚೊಕ್ಕಟವಾಗಿರುವುದಿಲ್ಲ.

ಇದಕ್ಕಿಂತ ಬಲವಾದ ನಂಟು ಸಿಕ್ಕರೆ? ಸಿಕ್ಕಿದೆ, ಬೆರಿಲಿಯಂ ಲೋಹದ ರೋಗದಲ್ಲಿ. ಲುಕಾ ರಿಕೆಲ್ಡಿ ಮತ್ತಿತರರು 1993ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದಂತೆ ಎಚ್‌ಎಲ್‌ಎ-ಡಿಪಿಬಿ1 ವಂಶವಾಹಿಯ ಒಂದು ಭೇದ ರೋಗಿಗಳಲ್ಲಿ ಶೇ. 97ರಷ್ಟು ಮಂದಿಯಲ್ಲಿತ್ತು. ವೃತ್ತಿಯ ಶ್ವಾಸಕೋಶ ರೋಗಗಳಲ್ಲಿ ಇಷ್ಟು ನಿಚ್ಚಳ ನಂಟು ಬೇರೆಯಿಲ್ಲ. ಆದರೆ ಅದೇ ಭೇದ ಬೆರಿಲಿಯಂ ಜೊತೆ ಕೆಲಸ ಮಾಡಿಯೂ ಆರೋಗ್ಯವಾಗಿದ್ದವರಲ್ಲಿ ಶೇ. 30ರಷ್ಟು ಮಂದಿಯಲ್ಲೂ ಇತ್ತು. ರೋಗ ಬರುವುದು ಕೆಲವರಿಗೆ, ಭೇದವಿರುವುದು ಬಹಳ ಮಂದಿಗೆ. ಇದ್ದ ಪ್ರಕರಣಗಳಲ್ಲೆಲ್ಲ ಉತ್ತಮವಾದ ಇದೂ ಕೆಲಸಕ್ಕೆ ಆರಿಸುವ ಜರಡಿಯಾಗಲಾರದು.

ಈಗ ಕೋಲಾರಕ್ಕೆ. ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದೇ ಮೈಸೂರು ಸಂಸ್ಥಾನದ ಈ ಗಣಿಗಳಿಂದ, 1934ರಲ್ಲಿ. 1940ರ ದಶಕದಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿಯಲ್ಲಿ ರೋಗದ ಗುರುತು ಸಿಕ್ಕಿತು. ಈ ಪ್ರಮಾಣವೇ ನಮ್ಮ ಪ್ರಶ್ನೆಗೆ ಅರ್ಧ ಉತ್ತರ. ದೂಳು ಅಷ್ಟು ದಟ್ಟವಾಗಿದ್ದಾಗ ಹೆಚ್ಚು ಕಡಿಮೆ ಎಲ್ಲ ಬಗೆಯ ಮೈಗಳೂ ಸೋಲುತ್ತವೆ. ವಂಶವಾಹಿಯ ಸಣ್ಣ ವ್ಯತ್ಯಾಸ ಆ ದೂಳಿನಲ್ಲಿ ಮುಳುಗಿಹೋಗುತ್ತದೆ. ದೂಳು ನಡುಮಟ್ಟಕ್ಕೆ ಇಳಿದಾಗ ಮಾತ್ರ ಯಾರ ಮೈ ತಡೆಯುತ್ತದೆ, ಯಾರದು ತಡೆಯುವುದಿಲ್ಲ ಎಂಬುದು ಎದ್ದು ಕಾಣಲು ಸಾಧ್ಯ. ವಂಶವಾಹಿಯ ಪಾಲು ಕಾಣಬೇಕಾದರೂ ಮೊದಲು ನೀರು ಹಾಕಿ ಕೊರೆಯಬೇಕು, ಗಾಳಿ ಆಡಿಸಬೇಕು.

ಕೋಲಾರದ ಚಿನ್ನದ ಗಣಿಯೂರಾದ ಕೆಜಿಎಫ್‌ನ ನಿಜವಾದ ತೊಡಕು ಬೇರೆ ಕಡೆ ಇದೆ. ಜಾನಕಿ ನಾಯರ್ ‘ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್’ ಪುಸ್ತಕದಲ್ಲಿ ಈ ಊರಿನ ದುಡಿಮೆಯ ಏಣಿಶ್ರೇಣಿಯನ್ನು ವಿವರವಾಗಿ ಬಿಡಿಸಿಟ್ಟಿದ್ದಾರೆ. ನೆಲದಡಿಯ ಕಷ್ಟದ ಕೆಲಸದಲ್ಲಿದ್ದವರು ಬಹುಪಾಲು ಉತ್ತರ ಆರ್ಕಾಟಿನ ಕಡೆಯಿಂದ ಬಂದ, ತಮಿಳು ಮಾತಿನ ಆದಿದ್ರಾವಿಡರು. ಮೇಲ್ವಿಚಾರಣೆ ಯುರೋಪಿಯನ್ನರದು, ಆಂಗ್ಲೋ-ಇಂಡಿಯನ್ನರದು. ಕಾವಲಿಗೆ ಪಂಜಾಬಿಗಳು. ಮನೆಗಳ ಲೈನುಗಳೂ ಹಾಗೇ ಬೇರೆ ಬೇರೆ. ಇಂಥ ಕಡೆ ‘ರೋಗವಿದ್ದವರ’ ಗುಂಪನ್ನು ‘ರೋಗವಿಲ್ಲದವರ’ ಗುಂಪಿಗೆ ಹೋಲಿಸಿದರೆ ಹೋಲಿಸಿದ್ದು ನೆಲದಡಿಯವರನ್ನು ನೆಲದ ಮೇಲಿನವರಿಗೆ, ಎಂದರೆ ಒಂದು ಸಮುದಾಯವನ್ನು ಇನ್ನೊಂದಕ್ಕೆ. ತಲೆಮಾರುಗಳಿಂದ ತಮ್ಮೊಳಗೇ ಮದುವೆಯಾಗುವ ಸಮುದಾಯಗಳಲ್ಲಿ ಸಾವಿರಾರು ವಂಶವಾಹಿ ಭೇದಗಳ ಪ್ರಮಾಣ ಬೇರೆ ಬೇರೆ ಇರುತ್ತದೆ, ಅವುಗಳಲ್ಲಿ ಹೆಚ್ಚಿನವಕ್ಕೆ ಶ್ವಾಸಕೋಶದ ಜೊತೆ ಏನೂ ಸಂಬಂಧವಿಲ್ಲ. ಆದರೂ ಲೆಕ್ಕದಲ್ಲಿ ಅವೆಲ್ಲ ರೋಗದ ಕಾರಣಗಳಂತೆ ಕುಣಿಯುತ್ತವೆ. ದೂಳು ತಿನ್ನಿಸಿದ್ದು ಜಾತಿಯ ಏಣಿ. ಅಪವಾದ ಹೊರುವುದು ಆ ಜಾತಿಯ ರಕ್ತ. ಟಿಎನ್‌ಎಫ್ −308 ಭೇದ ಯುರೋಪಿಯನ್ನರಲ್ಲಿ ಹೆಚ್ಚು, ದಕ್ಷಿಣ ಏಷ್ಯಾದವರಲ್ಲಿ ಕಡಿಮೆ. ಹಾಗಾಗಿ ಬೆಲ್ಜಿಯಂನ ಅಂಕಿಯನ್ನು ಎತ್ತಿ ತಂದು ಇಲ್ಲಿ ಕೂರಿಸುವಂತೆಯೂ ಇಲ್ಲ.

ಇದಕ್ಕೆ ಪರಿಹಾರ ಸಮುದಾಯದ ಹೆಸರು ಕೇಳಿ ಗುಂಪು ಮಾಡುವುದಲ್ಲವೇ ಎಂದು ಕೇಳಬಹುದು. ಅಷ್ಟು ಸಾಲದು. ಖಡಕಿಯಿಂದ ಹೋಳ್ಕರ್ ಸೇತುವೆ ದಾಟಿದರೆ ಸಿಗುವ ಯೆರವಡಾದ ಡೆಕ್ಕನ್ ಕಾಲೇಜಿನಲ್ಲಿ ದಶಕಗಳ ಕಾಲ ಪಾಠ ಮಾಡಿದ ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ ‘ಹಿಂದೂ ಸೊಸೈಟಿ’ ಪುಸ್ತಕದಲ್ಲಿ ಮಹಾರಾಷ್ಟ್ರದ ಕುಂಬಾರರನ್ನೇ ಉದಾಹರಣೆಯಾಗಿ ತೆಗೆದುಕೊಂಡಿದ್ದರು. ‘ಕುಂಬಾರ’ ಎಂಬ ಒಂದೇ ಹೆಸರಿನಡಿ ತಮ್ಮ ತಮ್ಮಲ್ಲೇ ಕೊಟ್ಟು ತರುವ, ಬೇರೆ ಬೇರೆ ಬಗೆಯ ತಿಗುರಿ ಬಳಸುವ ಹಲವು ಗುಂಪುಗಳಿವೆ; ಕಸುಬಿನ ಹೆಸರು ಒಂದಾದ ಮಾತ್ರಕ್ಕೆ ಅವರ ಮೂಲ ಒಂದಲ್ಲ ಎಂಬುದು ಅವರ ವಾದ. ಹಾಲ್ಡೇನರ ಕುಂಬಾರರ ಪಕ್ಕದಲ್ಲಿ ಕರ್ವೆಯವರ ಕುಂಬಾರರನ್ನಿಟ್ಟು ಓದಿದ ತಳಿವಿಜ್ಞಾನಿಗಳು ಎಷ್ಟು ಮಂದಿಯೋ! ಕೆಜಿಎಫ್‌ನ ದಾಖಲೆಯಲ್ಲಿ ಒಂದೇ ಜಾತಿಯ ಹೆಸರಿನಲ್ಲಿ ಬರೆಸಿಕೊಂಡ ಸಾವಿರಾರು ಕಾರ್ಮಿಕರು ಬೇರೆ ಬೇರೆ ತಾಲೂಕುಗಳ, ಬೇರೆ ಬೇರೆ ಕೊಟ್ಟು-ತರುವ ಬಳಗಗಳವರು. ಹೋಲಿಕೆ ನಡೆಯಬೇಕಾದದ್ದು ಒಂದೇ ಬಳಗದ, ಒಂದೇ ಕೆಲಸದ ಇಬ್ಬರ ನಡುವೆ. ಒಂದೇ ಗಣಿಯಲ್ಲಿ ಒಂದೇ ಬಗೆಯ ಕೆಲಸ ಮಾಡಿದ ಅಣ್ಣತಮ್ಮಂದಿರು ಸಿಕ್ಕರೆ ಅದಕ್ಕಿಂತ ಒಳ್ಳೆಯ ಜೋಡಿಯಿಲ್ಲ, ಮಕ್ಕಳೂ ಗಣಿಗೇ ಇಳಿಯುತ್ತಿದ್ದ ಕೆಜಿಎಫ್‌ನಲ್ಲಿ ಅಂಥ ಜೋಡಿಗಳು ಅಪರೂಪವೂ ಅಲ್ಲ.

ಕಾಲದ ತೊಡಕೂ ಒಂದಿದೆ. ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಇಂದು ಮಾರಿಕುಪ್ಪಂ, ಚಾಂಪಿಯನ್ ರೀಫ್ ಕಡೆಯ ಲೈನುಗಳಲ್ಲಿ ರಕ್ತದ ಮಾದರಿ ಕೊಡಲು ಸಿಗುವ ಮಾಜಿ ಕಾರ್ಮಿಕರು ಬದುಕಿ ಉಳಿದವರು. ರೋಗ ಬಲಿತವರು ಎಂದೋ ತೀರಿಕೊಂಡರು, ಇಲ್ಲವೇ ಉಸಿರು ಎಳೆಯುತ್ತ ತಮ್ಮ ಹಳ್ಳಿಗಳಿಗೆ ಹೋದರು. ಉಳಿದವರನ್ನು ಮಾತ್ರ ನೋಡಿದರೆ ರೋಗವನ್ನು ತಡೆಯುವ ಭೇದವೂ ಬೇರೆ ಕಾರಣಕ್ಕೆ ದೀರ್ಘಾಯುಷ್ಯ ಕೊಡುವ ಭೇದವೂ ಒಂದರಂತೆ ತೋರುತ್ತವೆ. ಅಮೆರಿಕದವರಿಗೆ ಶವಪರೀಕ್ಷೆಯ ಸಂಗ್ರಹ ನೆರವಾದದ್ದು ಇಂಥ ಕಡೆ. ನಮ್ಮ ಕಡೆ ಇಂಥ ಕೆಲಸಕ್ಕೆ ಒದಗಬಹುದಾಗಿದ್ದ ರಾಷ್ಟ್ರೀಯ ಗಣಿಗಾರರ ಆರೋಗ್ಯ ಸಂಸ್ಥೆ 1990ರಲ್ಲಿ ನೋಂದಣಿಯಾದದ್ದು ಕೆಜಿಎಫ್‌ನಲ್ಲೇ. 2019ರಲ್ಲಿ ಅದನ್ನು ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯಲ್ಲಿ ವಿಲೀನಗೊಳಿಸಲು ಕೇಂದ್ರ ಸರಕಾರ ಒಪ್ಪಿತು.

ಕಾನೂನಿನ ಮಾತು ಇಲ್ಲಿ ಹೊರಗಿನದಲ್ಲ. 2025ರವರೆಗೆ ಜಾರಿಯಲ್ಲಿದ್ದ ನಮ್ಮ 1923ರ ಕಾರ್ಮಿಕ ಪರಿಹಾರ ಕಾಯ್ದೆಯ ಮೂರನೆಯ ಅನುಸೂಚಿ ಸಿಲಿಕೋಸಿಸ್ ಅನ್ನು ವೃತ್ತಿರೋಗವೆಂದು ಒಪ್ಪಿತ್ತು. ಸಿಲಿಕೋಸಿಸ್ ಜೊತೆಗೆ ಕ್ಷಯವೂ ಇದ್ದರೆ ಮಾತ್ರ, ಅಶಕ್ತತೆಗೆ ಅಥವಾ ಸಾವಿಗೆ ಸಿಲಿಕೋಸಿಸ್ ಅಗತ್ಯ ಕಾರಣವಾಗಿರಬೇಕೆಂಬ ಷರತ್ತು ಬರುತ್ತಿತ್ತು. ‘ನಿನಗಿರುವುದು ಟಿ.ಬಿ., ನಮ್ಮ ದೂಳಿನಿಂದ ಬಂದದ್ದಲ್ಲ’ ಎಂಬ ವಾದಕ್ಕೆ ದಾರಿ ಬಿಟ್ಟ ಷರತ್ತು ಇದು. ನಾಳೆ ಅದೇ ದಾರಿಯಲ್ಲಿ ‘ನಿನ್ನ ವಂಶವಾಹಿಯೇ ಹಾಗಿದೆ’ ಎಂಬ ವಾದವೂ ನಡೆದು ಬಂದೀತು. ಇದು ಬರಿಯ ಭಯವಲ್ಲ. ಅಮೆರಿಕದ ರೈಲು ಕಂಪನಿಯೊಂದು ಕೈನರಗಳ ನೋವೆಂದು ದೂರಿದ ಕಾರ್ಮಿಕರ ರಕ್ತವನ್ನು ಅವರಿಗೆ ಹೇಳದೆ ವಂಶವಾಹಿ ಪರೀಕ್ಷೆಗೆ ಕಳಿಸಿದ್ದು 2001ರಲ್ಲಿ ಬಯಲಾಗಿ, ಮರುವರ್ಷ 22 ಲಕ್ಷ ಡಾಲರಿಗೆ ರಾಜಿಯಾಯಿತು. ನೌಕರಿಯಲ್ಲೂ ಆರೋಗ್ಯ ವಿಮೆಯಲ್ಲೂ ವಂಶವಾಹಿಯ ಆಧಾರದ ಭೇದಭಾವ ನಿಷೇಧಿಸುವ ಕಾಯ್ದೆ ಅಲ್ಲಿ 2008ರಲ್ಲಿ ಬಂತು. ನಮ್ಮಲ್ಲಿ ಅದಕ್ಕೆಂದೇ ಮಾಡಿದ ಕಾಯ್ದೆ ಇಲ್ಲ.

ಇಷ್ಟಾದ ಮೇಲೂ ವಂಶವಾಹಿಯ ಸಂಶೋಧನೆ ವ್ಯರ್ಥವೆಂದು ನಾನು ಹೇಳಲಾರೆ. ಟಿಎನ್‌ಎಫ್, ಇಂಟರ್‌ಲ್ಯೂಕಿನ್-1ರ ಭೇದಗಳು ಯಾರನ್ನು ಕೆಲಸದಿಂದ ಹೊರಗಿಡಬೇಕೆಂದು ಹೇಳದಿದ್ದರೂ ರೋಗ ಯಾವ ದಾರಿಯಲ್ಲಿ ನಡೆಯುತ್ತದೆಂದು ಹೇಳುತ್ತವೆ. ನಾರುಗಟ್ಟುವುದನ್ನು ತಡೆಯುವ ಔಷಧಿಯ ಹುಡುಕಾಟಕ್ಕೆ ಆ ದಾರಿ ಗೊತ್ತಿರಬೇಕು. ಕಾರ್ಮಿಕನ ಹುಟ್ಟಿನ ಬರಹವನ್ನು ಓದುವುದಕ್ಕಿಂತ ಅವನ ಮೈಯಲ್ಲಿ ಈಗಾಗಲೇ ಆಗಿರುವ ಹಾನಿಯನ್ನು ಓದುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅಹಮದಾಬಾದಿನ ಸಂಸ್ಥೆ ಸಿಸಿ16 ಎಂಬ ಶ್ವಾಸಕೋಶದ ಪ್ರೋಟೀನನ್ನು ರಕ್ತದಲ್ಲಿ ಅಳೆದು, ಎಕ್ಸ್‌ರೇ ತೋರಿಸುವ ಮುನ್ನವೇ ಸಿಲಿಕಾದ ಹಾನಿಯನ್ನು ಗುರುತಿಸುವ ಪರೀಕ್ಷೆಯ ಮೇಲೆ ಕೆಲಸ ಮಾಡಿದೆ. ಸಿಲಿಕಾ ಹಾನಿ ಮಾಡಿದಂತೆ ಆ ಪ್ರೋಟೀನು ರಕ್ತದಲ್ಲಿ ಇಳಿಯುತ್ತದೆ. ಇಂಥ ಪರೀಕ್ಷೆ ಯಾರ ಕುಲವನ್ನೂ ಕೇಳುವುದಿಲ್ಲ, ಮತ್ತು ಅದರ ಫಲ ಬಂದಾಗ ಮಾಡಬೇಕಾದ ಕೆಲಸವೂ ಸ್ಪಷ್ಟ: ಆ ಜಾಗದ ದೂಳು ಅಳೆಯಬೇಕು, ಕಾರ್ಮಿಕನನ್ನು ಕೂಲಿ ಕಡಿಯದೆ ಬೇರೆ ಕೆಲಸಕ್ಕೆ ಹಾಕಬೇಕು.

ಕೆಜಿಎಫ್‌ನಲ್ಲಿ ವಂಶವಾಹಿ ಅಧ್ಯಯನ ನಡೆಯುವುದಾದರೆ ನನ್ನ ಮಟ್ಟಿಗೆ ಅದರ ಷರತ್ತುಗಳು ಸ್ಪಷ್ಟ. ಪ್ರತಿ ಕಾರ್ಮಿಕನ ಶಾಫ್ಟ್, ಕೆಲಸದ ಬಗೆ ಮತ್ತು ವರ್ಷಗಳನ್ನು ಸೇವಾಪುಸ್ತಕದಿಂದಲೋ ಅವನ ಬಾಯಿಂದಲೋ ಬರೆದುಕೊಂಡ ಮೇಲೆಯೇ ರಕ್ತ ತೆಗೆಯಬೇಕು. ಟಿ.ಬಿ. ಎಂದು ಚಿಕಿತ್ಸೆ ಪಡೆದವರ ಹಳೆಯ ಎಕ್ಸ್‌ರೇಗಳನ್ನು ಮತ್ತೆ ಓದಿಸಬೇಕು. ವಂಶವಾಹಿಯ ಫಲಿತಾಂಶ ವ್ಯಕ್ತಿಯ ಹೆಸರಿನೊಡನೆ ಯಾವ ಪರಿಹಾರ ಮಂಡಳಿಗೂ ಹೋಗದಂತೆ ಮೊದಲ ದಿನವೇ ಬರಹದಲ್ಲಿ ಕಟ್ಟಿಹಾಕಬೇಕು. ಪ್ರಬಂಧದಲ್ಲಿ ಸಮುದಾಯದ ಹೆಸರಿನ ಪಕ್ಕದಲ್ಲಿ ಭೇದದ ಶೇಕಡಾವಾರು ಹಾಕಿದ ಕೋಷ್ಟಕ ಇರಕೂಡದು. ಅದೇ ಕೋಷ್ಟಕದಲ್ಲಿ ಆ ಸಮುದಾಯ ನೆಲದಡಿಯಲ್ಲಿ ಕಳೆದ ವರ್ಷಗಳ ಸಾಲೂ ಇದ್ದರೆ ಮಾತು ಬೇರೆ.